ಮನೆಯವರ ಹೃದಯ

ಭಾಲ್ಕಿಯ ಹಳೇ ಬಜಾರದ ಹಿಂದಿನ ಓಣಿಯಲ್ಲಿ ನಿಂತು ಈಶ್ವರಿಬಾಯಿಯ ಮನೆ ಯಾವುದು ಎಂದು ಕೇಳಿದರೆ ಜನ ಒಂದು ಗಳಿಗೆ ತಡವರಿಸುತ್ತಿದ್ದರು. ಹಾರ್ಟ್‌ಬಾಯಿ ಎಂದರೆ ಮಾತ್ರ ಚಡ್ಡಿ ಹಾಕದ ಕೂಸು ಕೂಡ ಬೆರಳು ಮಾಡಿ ತೋರಿಸುತ್ತಿತ್ತು. ಎದುರುಮನೆಯ ಮಾಯಾ ಚೇಷ್ಟೆಗೆಂದು ಇಟ್ಟ ಹೆಸರು ಅದು. ಈಶ್ವರಿ ಅದನ್ನು ಬಿರುದೆಂದು ತೆಗೆದುಕೊಂಡಳು. ಯಾರಾದರೂ ಹಾಗೆ ಕೂಗಿದರೆ ಸೆರಗು ಸರಿಮಾಡಿಕೊಂಡು, ಮುಖದಲ್ಲಿ ಗಾಂಭೀರ್ಯ ತಂದುಕೊಂಡು ಹೊರಗೆ ಬರುತ್ತಿದ್ದಳು.

ಹಾರ್ಟು ಅವಳದಲ್ಲ, ಗಂಡನದು. ಹಾವಗೆಪ್ಪ ಕಿರಾಣಿ ಅಂಗಡಿಯ ಯಜಮಾನ. ಕೆಲವು ವರ್ಷಗಳ ಹಿಂದೆ ಒಂದು ಮುಂಜಾನೆ ತಕ್ಕಡಿಗೆ ತೊಗರಿಬೇಳೆ ಸುರಿಯುತ್ತ ಸುರಿಯುತ್ತ ಎದೆ ಹಿಡಿದುಕೊಂಡು ಕುಸಿದಿದ್ದ. ಹೈದರಾಬಾದಿಗೆ ಒಯ್ದು, ರಕ್ತನಾಳದಲ್ಲಿ ಸ್ಟೆಂಟ್ ಕೂರಿಸಿ ಕರೆತಂದರು. ಬಂದ ದಿನದಿಂದ ಆ ಮನೆಯಲ್ಲಿ ದೇವರ ಜಗಲಿಗೆ ಎರಡನೆಯ ಸ್ಥಾನವಾಯಿತು. ಮೊದಲನೆಯ ಸ್ಥಾನ ಹಾವಗೆಪ್ಪನ ಎದೆಗೆ.

ನಸುಕಿನಲ್ಲಿ ಎದ್ದು ಗಂಡನ ತೋಳಿಗೆ ಬಿಪಿ ಮಿಷಿನ್ನಿನ ಪಟ್ಟಿ ಸುತ್ತುವುದು ಈಶ್ವರಿಯ ಮೊದಲ ಪೂಜೆ. ಅವನಿಗೆ ಉಪ್ಪು ಹಾಕದ ಪಲ್ಯ ಬೇರೆ, ಎಣ್ಣೆ ಕಾಣದ ಬೇಳೆ ಬೇರೆ. ಡಾಕ್ಟರು ದಿನಾ ತಿರುಗಾಡಲು ಹೇಳಿದ್ದು ಅವನಿಗೆ, ಆದ್ದರಿಂದ ಅವನು ಕೋಟೆಯ ಕಡೆ ತಿರುಗಾಡಿ ಬರುತ್ತಿದ್ದ; ಅವನು ಬರುವಷ್ಟರಲ್ಲಿ ರೊಟ್ಟಿ ಬಿಸಿ ಇರಬೇಕಲ್ಲ, ಆದ್ದರಿಂದ ಅವಳು ಒಲೆ ಬಿಟ್ಟು ಏಳುತ್ತಿರಲಿಲ್ಲ. ಅವನ ಬೀಡಿಯ ಕಟ್ಟನ್ನು ಅವಳೇ ತಿಪ್ಪೆಗೆ ಎಸೆದಳು. ಅವನ ತಾಟಿನಿಂದ ತೆಗೆದಿಟ್ಟ ಉಪ್ಪಿನಕಾಯಿ, ಹಪ್ಪಳ, ಕರಿದ ಮಿರ್ಚಿ ಉಳಿಯುತ್ತಿದ್ದವು. ಅನ್ನ ಚೆಲ್ಲುವುದು ಪಾಪ ಎಂದು ಅವನ್ನೂ ಅವಳೇ ತಿಂದಳು. ಆಪತ್ತಿಗೆ ನಾಲಿಗೆಯ ಕೆಳಗೆ ಇಡುವ ಗುಳಿಗೆಯನ್ನು ಸಣ್ಣ ಬಟ್ಟೆಚೀಲದಲ್ಲಿ ಹಾಕಿ ಕುಪ್ಪಸದೊಳಗೆ ಸಿಕ್ಕಿಸಿಕೊಂಡಿರುತ್ತಿದ್ದಳು, ಸ್ನಾನಕ್ಕೆ ಹೋಗುವಾಗ ಅದನ್ನು ಮಗ ಅವಿನಾಶನ ಕೈಗೆ ಕೊಟ್ಟು ಹೋಗುತ್ತಿದ್ದಳು.

ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ಮನೆಯಲ್ಲಿ ಕೆಟ್ಟ ಹೃದಯ ಒಂದಲ್ಲ, ಎರಡಿದ್ದವು. ಒಂದಕ್ಕೆ ಡಾಕ್ಟರಿದ್ದ, ಪಥ್ಯವಿತ್ತು, ಗುಳಿಗೆಯಿತ್ತು, ಕಾಯಲು ಹೆಂಡತಿಯಿದ್ದಳು. ಇನ್ನೊಂದು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿತ್ತು. ದೀಪದ ಕೆಳಗೆ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಈಶ್ವರಿಗೆ ಆಗ ಐವತ್ತರ ಹತ್ತಿರ. ಅವಿನಾಶ ಹೊಟ್ಟೆಯಲ್ಲಿದ್ದಾಗ ಅವಳ ಕಾಲು ಬಾತು ಬಿಪಿ ಏರಿ ಒಮ್ಮೆ ಫಿಟ್ಸ್ ಕೂಡ ಬಂದಿತ್ತು. ಹೆತ್ತಮೇಲೆ ಎಲ್ಲ ಸರಿಯಾಗುತ್ತದೆ ಎಂದರು. ಹೆತ್ತಳು, ಎಲ್ಲರೂ ಮರೆತರು. ಮೂವತ್ತೈದು ದಾಟಿದಾಗ ಮುಟ್ಟಿನ ತೊಂದರೆಗೆಂದು ಗರ್ಭಚೀಲ ತೆಗೆಸಿದರು. ಓಣಿಯ ಅರ್ಧ ಹೆಂಗಸರು ಆಗ ಚೀಲ ತೆಗೆಸಿಕೊಂಡವರೇ, ಅದೊಂದು ದೊಡ್ಡ ಸಂಗತಿ ಎನಿಸುತ್ತಿರಲಿಲ್ಲ. ಅಲ್ಲಿಂದ ಮೈ ಬಂತು, ಸೊಂಟ ದಪ್ಪವಾಯಿತು, ಹೊತ್ತಲ್ಲದ ಹೊತ್ತಿನಲ್ಲಿ ಮೈಯೆಲ್ಲ ಕಾದು ಬೆವರು ಇಳಿಯತೊಡಗಿತು. ಮೈ ಬಂದದ್ದನ್ನು ನೋಡಿ ಬೀಗರು, ನೆಂಟರು ಹಾವಗೆಪ್ಪನ ಮನೆಯಲ್ಲಿ ಉಂಡುಟ್ಟು ಸುಖವಾಗಿದ್ದಾಳೆ ಎಂದರು. ಅವಳ ತಾಯಿಯೂ ಔರಾದದಲ್ಲಿ ಇದೇ ವಯಸ್ಸಿಗೆ ನೀರು ಸೇದುತ್ತಿದ್ದವಳು ಬಾವಿಯ ಕಟ್ಟೆಯ ಮೇಲೆ ಕೂತು ಮತ್ತೆ ಎದ್ದಿರಲಿಲ್ಲ. ಗಾಳಿ ಸೋಕಿತು ಎಂದು ಮಣ್ಣು ಮಾಡಿದ್ದರು.

ಹೈದರಾಬಾದಿನ ದೊಡ್ಡ ಡಾಕ್ಟರು ಹಾವಗೆಪ್ಪನ ಅಪ್ಪ, ಅಜ್ಜ, ಅಣ್ಣತಮ್ಮಂದಿರ ವಿಷಯವನ್ನೆಲ್ಲ ಈಶ್ವರಿಯ ಬಾಯಿಂದಲೇ ಕೇಳಿ ತಿಳಿದುಕೊಂಡಿದ್ದರು. ಅವಳು ಪಟಪಟನೆ ಹೇಳಿ, ಶಭಾಷ್ ಅನ್ನಿಸಿಕೊಂಡಿದ್ದಳು. ಅಂದಿನಿಂದ ಅವಳಿಗೆ ಹಾರ್ಟಿನ ವಿಷಯದಲ್ಲಿ ತನಗೆ ತಿಳಿಯದ್ದು ಏನೂ ಇಲ್ಲ ಎಂಬ ಧೈರ್ಯ ಬಂದುಬಿಟ್ಟಿತು. ಓಣಿಯ ಗಂಡಸರು ಮೈ ಕೈ ನೋವು ಎಂದರೆ ಸಾಕು, ಅವರನ್ನು ಕಟ್ಟೆಯ ಮೇಲೆ ಕೂರಿಸಿ ಎಡಗೈ ಜಗ್ಗುತ್ತದೆಯೇ, ಎದೆಯ ಮೇಲೆ ಕಲ್ಲು ಇಟ್ಟಂತೆ ಆಗುತ್ತದೆಯೇ ಎಂದು ವಿಚಾರಿಸಿ ಬೀದರಿಗೆ ಓಡಿಸುತ್ತಿದ್ದಳು. ಹೆಂಗಸರಿಗೆ ಮಾತ್ರ ಅವಳಲ್ಲಿ ಬೇರೆ ಶಾಸ್ತ್ರವಿತ್ತು. ಒಮ್ಮೆ ಮಾಯಾ ಬಂದು, ನೆಲ ಒರೆಸುವಾಗ ದಮ್ಮು ಹತ್ತುತ್ತದೆ, ಬೆನ್ನು ಹಿಡಿಯುತ್ತದೆ ಎಂದಳು.

"ಗ್ಯಾಸ್ ಅದ ನಿನಗ," ಎಂದಳು ಈಶ್ವರಿ. "ಓಂಕಾಳ ಬಿಸಿನೀರು ಕುಡಿ."

"ಹಾರ್ಟ್ ಇದ್ರ ಹ್ಯಾಂಗ ಮಾಡ್ಲಿ, ಅಕ್ಕಾ?"

"ಹೆಣ್ಮಕ್ಕಳಿಗೆಲ್ಲಿ ಹಾರ್ಟ್ ಬರ್ತದ, ಹುಚ್ಚಿ! ದುಡಿಯೋ ಗಂಡಸರಿಗೆ ನೂರಾ ಎಂಟು ಫಿಕರ್ ಇರ್ತಾವ, ಅವ್ರಿಗೆ ಬರ್ತದ. ನಾವೇನು ಮನಿಯಾಗ ಕುಂತು ಉಣ್ಣೋರು. ಗಂಡನ ಮುಂದ ಲಾಡ ಮಾಡ್ಲಿಕ್ಕ ಹಾರ್ಟ್ ಹಾರ್ಟ್ ಅಂತ ಕುಣಿಬ್ಯಾಡ."

ಕಟ್ಟೆಯ ಮೇಲೆ ಕೂತಿದ್ದವರೆಲ್ಲ ನಕ್ಕರು. ಮಾಯಾ ಮುಖ ಸಣ್ಣದು ಮಾಡಿಕೊಂಡು ಮನೆಗೆ ಹೋದಳು. ಮುಂದೆ ಅವಳು ತವರಿಗೆ ಹೋದಾಗ ಹೇಗೋ ಅಲ್ಲಿ ಡಾಕ್ಟರಿಗೆ ತೋರಿಸಿಕೊಂಡು ಗುಳಿಗೆ ಶುರುಮಾಡಿದಳು ಎಂಬುದು ಬೇರೆ ಮಾತು. ಅದನ್ನವಳು ಈಶ್ವರಿಗೆ ಹೇಳಲಿಲ್ಲ.

ಈಶ್ವರಿಗೆ ಇನ್ನೊಂದು ಸಂಗಾತಿ ಇತ್ತು, ಮಿಸ್ರಿ. ತಂಬಾಕಿನ ಎಲೆಯನ್ನು ಹೆಂಚಿನ ಮೇಲೆ ಕಪ್ಪಗೆ ಹುರಿದು ಪುಡಿ ಮಾಡಿ ಡಬ್ಬಿಯಲ್ಲಿ ತುಂಬಿಡುವುದು, ಬೆಳಿಗ್ಗೆ ಎದ್ದೊಡನೆ ಬೆರಳಿಗೆ ಹಚ್ಚಿಕೊಂಡು ಹಲ್ಲಿಗೆ, ವಸಡಿಗೆ ತಿಕ್ಕುವುದು. ಔರಾದದ ಕಡೆ ತಾಯಿ ತಿಕ್ಕಿದರೆ ಮಗಳು ತಿಕ್ಕುತ್ತಾಳೆ. ಈಶ್ವರಿ ಮತ್ತು ತಂಗಿ ಸುಮಿತ್ರಾ ಒಂದೇ ಡಬ್ಬಿಯಲ್ಲಿ ಬೆರಳಿಟ್ಟು ಕಲಿತವರು. ಮುಂಜಾನೆ ಒಮ್ಮೆ, ಉಂಡಮೇಲೆ ಒಮ್ಮೆ, ಬೇಸರ ಬಂದರೆ ಮತ್ತೊಮ್ಮೆ. ತಿಕ್ಕದಿದ್ದರೆ ಹೊಟ್ಟೆ ಸಾಫ್ ಆಗುವುದಿಲ್ಲ, ತಲೆ ಭಾರ, ಕೈಗೆ ಕೆಲಸ ಹತ್ತುವುದಿಲ್ಲ. ಗಂಡನ ಬೀಡಿಯನ್ನು ತಿಪ್ಪೆಗೆ ಎಸೆದು ಬಂದ ದಿನ ಅವಳು ಮಾಡಿದ ಮೊದಲ ಕೆಲಸ ಮಿಸ್ರಿ ತಿಕ್ಕುತ್ತ ಕೂತದ್ದು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಅವಳನ್ನು ಹಂಗಿಸಬೇಡಿ. ಅವಳು ಕಪಟಿಯಲ್ಲ. ಮಿಸ್ರಿ ತಂಬಾಕು ಎಂದು ಅವಳಿಗೆ ನಿಜವಾಗಿಯೂ ಅನ್ನಿಸಿರಲಿಲ್ಲ. ಅದು ಹಲ್ಲುಪುಡಿ.

ಆ ವರ್ಷದ ಬೇಸಿಗೆ ಕಳೆಯುವ ಹೊತ್ತಿಗೆ ಅವಳಿಗೆ ಎಡದವಡೆ ನೋಯತೊಡಗಿತು. ಒಗೆದ ಬಟ್ಟೆಯ ಬಕೆಟ್ ಹಿಡಿದು ಮಾಳಿಗೆಗೆ ಹತ್ತಿದರೆ ದವಡೆ ಹಿಡಿಯುವುದು, ಕಿವಿಯ ಕೆಳಗೆ ಜಗ್ಗುವುದು; ಮೇಲೆ ಹೋಗಿ ಸ್ವಲ್ಪ ಕೂತರೆ ಬಿಟ್ಟುಹೋಗುವುದು. ಮೆಟ್ಟಿಲು ಹತ್ತಿದಾಗ ಮಾತ್ರ ನೋಯುವುದು ಯಾವ ಲೋಕದ ಹಲ್ಲು ಎಂದು ಅವಳು ಕೇಳಿಕೊಳ್ಳಲಿಲ್ಲ. ಹಲ್ಲುನೋವಿಗೆ ಮಿಸ್ರಿಯೇ ಮದ್ದು, ತಾಯಿಯ ಕಾಲದಿಂದ ನಡೆದು ಬಂದದ್ದು. ನೋವು ಹೆಚ್ಚಾದಂತೆ ಅವಳು ಮಿಸ್ರಿ ಹೆಚ್ಚು ಮಾಡಿದಳು. ಮಿಸ್ರಿ ಹೆಚ್ಚಾದಂತೆ ನೋವೂ ಹೆಚ್ಚಾಯಿತು. ಒಂದು ದಿನ ಮಾಳಿಗೆಯಿಂದ ಇಳಿದು ಬಂದು ಗಂಡನಿಗೆ, "ಏನ್ರಿ, ಇತ್ತಿತ್ಲಾಗ ನನಗ ಬಾಳ ದಮ್ಮು ಹತ್ತದರಿ," ಎಂದಳು. ಹಾವಗೆಪ್ಪ ಉಪ್ಪಿಲ್ಲದ ಬೇಳೆಯನ್ನು ಸೊಟ್ಟಮುಖದಿಂದ ಉಣ್ಣುತ್ತಿದ್ದ. "ಮೈ ಸ್ವಲ್ಪ ಕರಗಸು," ಎಂದು ಮತ್ತೊಂದು ರೊಟ್ಟಿ ಹಾಕಿಸಿಕೊಂಡ.

ಕೊನೆಗೆ ಅವಳು ಬಜಾರದಲ್ಲಿ ಹೊಸದಾಗಿ ದವಾಖಾನೆ ಹಾಕಿದ್ದ ಹಲ್ಲಿನ ಡಾಕ್ಟರ್ ಅಜರನ ಬಳಿಗೆ ಹೋದಳು. ಅವನು ಬಾಯಿಗೆ ಲೈಟ್ ಬಿಟ್ಟು ನೋಡಿದ, ಹಲ್ಲನ್ನು ಒಂದೊಂದಾಗಿ ತಟ್ಟಿದ.

"ಹಲ್ಲು ಗಟ್ಟಿ ಅವರಿ, ಅಮ್ಮಾ. ತಂಬಾಕು ಏನರ ತಿಂತೀರೇನು?"

"ಛೀ, ನಾವು ಅಂಥಾ ಮಂದಿ ಅಲ್ರಿ. ನಮ್ಮ ಮನಿಯವ್ರಿಗೆ ಹಾರ್ಟ್ ಅದ. ತಂಬಾಕಿನ ವಾಸನಿ ಭೀ ನಮ್ಮ ಮನಿಯಾಗ ಬರಂಗಿಲ್ಲ."

"ಮತ್ತ ವಸಡಿ ಯಾಕ ಇಷ್ಟು ಕರ್ರಗ ಆಗ್ಯಾವ?"

"ಮಿಸ್ರಿ ಹಚ್ತೇನಲ್ರಿ. ಅದು ಹಲ್ಲುಪುಡಿ."

ಅಜರ ತಲೆ ಆಡಿಸಿ ಬಿಪಿ ನೋಡಿದ. ಒಮ್ಮೆ ನೋಡಿ ನಂಬದೆ ಮತ್ತೊಮ್ಮೆ ನೋಡಿದ. "ಅಮ್ಮಾ, ಬಿಪಿ ಬಾಳ ಮ್ಯಾಲ ಅದರಿ. ಇದು ಹಲ್ಲಿನ ನೋವಲ್ಲ. ಹೆಣ್ಮಕ್ಕಳಿಗೆ ಹಾರ್ಟಿನ ತ್ರಾಸ ಕೆಲವು ಸಲ ದವಡಿಯಾಗ, ಬೆನ್ನಾಗ ಬರ್ತದ. ಇವತ್ತೇ ಬೀದರಿಗೆ ಹೋಗಿ ಇಸಿಜಿ ತೆಗಸ್ರಿ."

ಈಶ್ವರಿಗೆ ಹೆದರಿಕೆಯಾಗಬೇಕಿತ್ತು. ಆಗಿದ್ದು ಅವಮಾನ. ಮೊನ್ನೆ ಮೊನ್ನೆ ಮೀಸೆ ಬಂದ ಹುಡುಗ, ಅದೂ ಹಲ್ಲು ಕೀಳುವವನು, ತನಗೆ ಹಾರ್ಟ್ ಕಲಿಸುತ್ತಾನೆ! "ಹಲ್ಲಿನ ಡಾಕ್ಟರು ಹಲ್ಲು ನೋಡ್ಬೇಕು, ತಮ್ಮಾ," ಎಂದು ಕುರ್ಚಿಯಿಂದ ಇಳಿದಳು. "ಹಾರ್ಟ್ ಹ್ಯಾಂಗ ಇರ್ತದ ಅನ್ನೋದು ನಾ ಮನಿಯಾಗ ದಿನಾ ನೋಡ್ತೇನಿ."

ಮರುದಿನ ಇನ್ನೊಂದು ಓಣಿಯಲ್ಲಿ, ತೋರಿಸಿದ ಹಲ್ಲನ್ನು ಮರುಮಾತಿಲ್ಲದೆ ಕಿತ್ತುಕೊಡುವವನೊಬ್ಬನ ಹತ್ತಿರ ಹೋದಳು. ಅವನು ಗಟ್ಟಿಯಾದ ಹಲ್ಲನ್ನು ಜಗ್ಗಿ ಜಗ್ಗಿ ಕಿತ್ತ. ರಕ್ತ ನಿಲ್ಲಲು ಬಹಳ ಹೊತ್ತು ಹಿಡಿಯಿತು. ಅರಳೆ ಕಚ್ಚಿಕೊಂಡು ಮನೆಗೆ ಬಂದು ಎಂದಿನಂತೆ ರೊಟ್ಟಿ ಬಡಿದಳು. ಬಟ್ಟೆ ಹಿಡಿದು ಮಾಳಿಗೆಗೆ ಹತ್ತಿದಾಗ ದವಡೆ ಮತ್ತೆ ಹಿಡಿಯಿತು. ಅವನು ತಪ್ಪು ಹಲ್ಲು ಕಿತ್ತಿದ್ದಾನೆ, ಕೀಳಬೇಕಾದದ್ದು ಅದರ ಪಕ್ಕದ್ದು ಎಂದು ಅವಳು ತೀರ್ಮಾನಿಸಿದಳು. ಬಿಪಿಯ ಮಾತನ್ನು ಮಾತ್ರ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಗಂಡನಿಗೆ ತಿಳಿದರೆ ಟೆನ್ಶನ್ ಮಾಡಿಕೊಳ್ಳುತ್ತಾನೆ, ಅವನ ಹಾರ್ಟಿಗೆ ಟೆನ್ಶನ್ ಆಗಬಾರದು.

ಹೀಗಿರುವಾಗ ಔರಾದದಲ್ಲಿ ಸುಮಿತ್ರಾಳ ಮಗಳ ಕುಬಸ ಬಂತು. ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ ಉಡಿ ತುಂಬುವ ಕಾರ್ಯ. ದೊಡ್ಡಮ್ಮ ಇಲ್ಲದೆ ನಡೆಯುವುದು ಹೇಗೆ? ಅವಿನಾಶ ಕಾರು ತೆಗೆದ. ಹಾವಗೆಪ್ಪನಿಗೆ ಗಾಳಿ ಬರಲೆಂದು ಮುಂದಿನ ಸೀಟು, ಈಶ್ವರಿಗೆ ಹಿಂದೆ, ಪಥ್ಯದ ಡಬ್ಬಿಗಳ ನಡುವೆ. ಹೊರಡುವ ಮೊದಲೇ ಅವಳಿಗೆ ಎರಡೂ ಹೆಗಲ ನಡುವೆ ಯಾರೋ ಗುದ್ದಿದಂತಿತ್ತು. ಕಾರ್ಯ ಬಿಟ್ಟು ಮಲಗಿದರೆ ತಂಗಿ ಜನ್ಮವಿಡೀ ಆಡಿಕೊಳ್ಳುತ್ತಾಳೆ ಎಂದು ಬಾಯಿ ಮುಚ್ಚಿಕೊಂಡು ಕೂತಳು.

ಔರಾದಕ್ಕೆ ಹೋದಮೇಲೆ ಅತಿಥಿಯಂತೆ ಕೂರುವ ಹೆಂಗಸಲ್ಲ ಅವಳು. ಸೆರಗು ಸಿಕ್ಕಿಸಿ ಹೋಳಿಗೆಯ ಹೆಂಚಿನ ಮುಂದೆ ಕೂತಳು. ಒಲೆಯ ಬಿಸಿಗೆ ಎಲ್ಲರಿಗೂ ಬೆವರು ಬರುತ್ತಿತ್ತು, ಆದ್ದರಿಂದ ಅವಳ ಬೆವರು ತಣ್ಣಗಿದ್ದುದನ್ನು ಯಾರೂ ಮುಟ್ಟಿ ನೋಡಲಿಲ್ಲ. ಊಟದ ಪಂಗತಿ ಎದ್ದ ಹೊತ್ತಿಗೆ ಅವಳು ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡಳು. ಸುಮಿತ್ರಾ ಹಿಡಿದು ತಂದು ಒಳಕೋಣೆಯಲ್ಲಿ ಮಲಗಿಸಿದಳು.

"ಏನಾಗ್ಲಿಕ್ಹತ್ಯದ, ಅಕ್ಕಾ?"

"ದವಡಿ... ಬೆನ್ನು ಭೀ ಹಿಡದದ. ಜೀವಕ್ಕ ಹ್ಯಾಂಗೋ ಆಗ್ಲಿಕ್ಹತ್ಯದ, ಸುಮೀ."

"ಮುಂಜಾನಿಯಿಂದ ಖಾಲಿ ಹೊಟ್ಟಿ ಇದ್ದಿ, ಪಿತ್ತ ಆಗಿರ್ಬೇಕು. ಸೋಡಾ ತರಸ್ತೇನಿ ತಡಿ." ಸುಮಿತ್ರಾ ಅಕ್ಕನ ಕೈ ಹಿಡಿದಳು, ಅದು ಹಿಮದಂತೆ ತಣ್ಣಗಿತ್ತು. ಆಗ ಅವಳಿಗೂ ಭಯವಾಯಿತು. ಹೊರಗೆ ಹೋಗಿ, "ಮಾಮಾ, ಜಲ್ದಿ ಒಳಗ ಬರ್ರಿ, ಅಕ್ಕಗ ಬಾಳ ತ್ರಾಸ ಆಗ್ಯದ. ದವಾಖಾನಿಗೆ ಒಯ್ಯೋಣು," ಎಂದು ಹಾವಗೆಪ್ಪನನ್ನು ಕರೆತಂದಳು.

ಆಗಲೇ ಒಯ್ದಿದ್ದರೆ ಈಶ್ವರಿ ಉಳಿಯುತ್ತಿದ್ದಳು. ಅವಳು ಉಳಿಯಲು ಆ ಒಂದು ಗಳಿಗೆ ಬೇಕಾದಷ್ಟಾಗುತ್ತಿತ್ತು. ಕಾರು ಬಾಗಿಲಲ್ಲೇ ಇತ್ತು, ಮಗ ಅಂಗಳದಲ್ಲೇ ಇದ್ದ.

ಹಾವಗೆಪ್ಪ ಹೊಸ್ತಿಲಲ್ಲಿ ನಿಂತು ಹೆಂಡತಿಯ ಮುಖ ನೋಡಿದ. ಅದು ಬೂದಿ ಬಳಿದಂತೆ ಆಗಿತ್ತು. ಮದುವೆಯಾದಾಗಿನಿಂದ ಅವಳು ಹಗಲು ಹೊತ್ತು ಮಲಗಿದ್ದನ್ನು ಅವನು ಕಂಡಿರಲಿಲ್ಲ. ಅವನ ಕೈ ತನ್ನಷ್ಟಕ್ಕೆ ತಾನೇ ಎದೆಗೆ ಹೋಯಿತು. "ನನಗೂ ಹ್ಯಾಂಗೋ ಆಗ್ಲಿಕ್ಹತ್ಯದ," ಎಂದು ಬಾಗಿಲ ಚೌಕಟ್ಟು ಹಿಡಿದ. ಅವನು ನಾಟಕ ಮಾಡಲಿಲ್ಲ. ಹೆದರಿದ ಮನುಷ್ಯ, ಅಷ್ಟೇ.

ಮನೆಯಲ್ಲಿದ್ದ ಜನವೆಲ್ಲ ಅವನತ್ತ ತಿರುಗಿತು. ಯಾರೋ ಗಾಳಿ ಹಾಕಿದರು, ಯಾರೋ ಅಂಗಿಯ ಗುಂಡಿ ಬಿಚ್ಚಿದರು, ಯಾರೋ ಶಿವಶಿವಾ ಅಂದರು. ಎಲ್ಲರಿಗಿಂತ ಮೊದಲು ಅವನನ್ನು ಮುಟ್ಟಿದವಳು ಈಶ್ವರಿ. ಹಾಸಿಗೆಯಿಂದ ಹೇಗೆ ಎದ್ದಳೋ, ಕುಪ್ಪಸದೊಳಗಿನ ಚೀಲ ಬಿಚ್ಚಿ ಗುಳಿಗೆ ತೆಗೆದು ಅವನ ನಾಲಿಗೆಯ ಕೆಳಗೆ ಇಟ್ಟಳು. "ಅವಿನಾಶಾ, ಗಾಡಿ ತಿರುಗಿಸು! ಬೀದರಿಗೆ ನಡಿ! ಫೈಲ್ ತಗೋ!" ಎಂದು ಕೂಗಿದಳು.

"ಅಕ್ಕಾ, ನೀ ಮಲ್ಕೋ, ನಿನಗೇ..." ಎಂದು ಸುಮಿತ್ರಾ ತೋಳು ಹಿಡಿದಳು.

"ನನ್ನದೇನಾತು, ಪಿತ್ತ ಅದ, ಇಳಿತದ. ಇವ್ರ ಹಾರ್ಟ್ ಅದವ್ವಾ, ಬಿಡು!" ಎಂದು ತಂಗಿಯ ಕೈ ಕೊಸರಿಕೊಂಡು ಕಾರು ಹತ್ತಿದಳು.

ಹಿಂದಿನ ಸೀಟಿನಲ್ಲಿ ಹಾವಗೆಪ್ಪ ಹೆಂಡತಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ. ಈಶ್ವರಿ ಎಡಗೈಯನ್ನು ಅವನ ಕತ್ತಿನ ಕೆಳಗೆ ಕೊಟ್ಟು ಬಲಗೈಯಿಂದ ಸೆರಗು ಬೀಸಿದಳು. ಔರಾದ ದಾಟುತ್ತಿದ್ದಂತೆ ಅವನ ಉಸಿರು ಸರಿಹೋಯಿತು, ಸ್ವಲ್ಪ ಹೊತ್ತಿಗೆ ನಿದ್ದೆಯೂ ಹತ್ತಿತು. ಅವಳ ಎಡಗೈ ಹೆಗಲಿನಿಂದ ಬೆರಳಿನವರೆಗೆ ಜಗ್ಗತೊಡಗಿತು. ಗಂಡನ ತಲೆಯ ಭಾರಕ್ಕೆ ಹೀಗಾಗುತ್ತಿದೆ ಎಂದುಕೊಂಡಳು. ಕೈ ತೆಗೆದರೆ ಅವನಿಗೆ ಎಚ್ಚರವಾಗುತ್ತದೆ ಎಂದು ತೆಗೆಯಲಿಲ್ಲ. ಜನವಾಡದ ಹತ್ತಿರ ರಸ್ತೆ ಕೆಟ್ಟು ಕಾರು ಕುಲುಕಿದಾಗ ಅವಳು ಹಲ್ಲು ಕಚ್ಚಿ, "ಸಾವಕಾಶ ಹೊಡಿ, ಅಪ್ಪಗ ಕುಲುಕ್ತದ," ಎಂದಳು. ಆ ದಾರಿಯಲ್ಲಿ ಅವಳು ಆಡಿದ ಮಾತು ಅದೊಂದೇ.

ಬೀದರಿನ ಆಸ್ಪತ್ರೆಯಲ್ಲಿ ಹಾವಗೆಪ್ಪನನ್ನು ಸ್ಟ್ರೆಚರಿನ ಮೇಲೆ ಮಲಗಿಸಿ ಲಿಫ್ಟಿನಲ್ಲಿ ಮೇಲಕ್ಕೆ ಒಯ್ದರು. ಫೈಲು ಎದೆಗವಚಿಕೊಂಡು ಈಶ್ವರಿಯೂ ಅದರಲ್ಲೇ ಹೋದಳು. ಗಾಜಿನ ಬಾಗಿಲು ಮುಚ್ಚಿತು. ಅವಿನಾಶ ಒಳಗೆ ಹೋದ, ಅವಳು ಹೊರಗಿನ ಬೆಂಚಿನ ಮೇಲೆ ಕೂತಳು. ಪಕ್ಕದಲ್ಲಿ ಖುರ್ಷಿದ ಬೇಗಂ ಎಂಬ ಹೆಂಗಸು, ಒಳಗಿದ್ದ ತನ್ನ ಗಂಡನಿಗಾಗಿ ಕಾದು ಕೂತಿದ್ದಳು. ಅವಳು ಈಶ್ವರಿಯನ್ನು ನೋಡಿ ಬಾಟಲಿಯ ಮುಚ್ಚಳ ತೆಗೆದು ನೀರು ಕೊಟ್ಟಳು.

"ಅಕ್ಕಾ, ಎಷ್ಟು ಪಸೀನಾ ಬಂದದ ನಿಮಗ. ಮೊದಲ ನಿಮ್ಮನ್ನ ತೋರಸ್ಕೋರಿ."

"ಇಲ್ರಿ, ನಮ್ಮ ಮನಿಯವ್ರಿಗೆ ಹಾರ್ಟ್ ಅದರಿ," ಎಂದಳು ಈಶ್ವರಿ. ಮಾತು ಮುಗಿಸಲು ಉಸಿರು ಸಾಲಲಿಲ್ಲ.

ನೀರು ಗಂಟಲಲ್ಲಿ ಇಳಿಯುವಾಗ ಅವಳಿಗೆ ತಿಳಿಯಿತು. ಎಡಗೈ ಜಗ್ಗುತ್ತಿದೆ, ಬೆವರು ಬರುತ್ತಿದೆ, ಎದೆಯ ಮೇಲೆ ಈಗ ಕಲ್ಲೂ ಇದೆ. ಓಣಿಯ ಗಂಡಸರನ್ನು ಕಟ್ಟೆಯ ಮೇಲೆ ಕೂರಿಸಿ ತಾನು ಕೇಳುತ್ತಿದ್ದ ಪ್ರಶ್ನೆಗಳಿಗೆಲ್ಲ ತನ್ನ ಮೈಯೇ ಹೌದು ಹೌದು ಎನ್ನುತ್ತಿದೆ. ಅವಳಿಗೆ ಸಾಯುವ ಭಯವಾಯಿತು. ಭಯದ ಹಿಂದೆಯೇ ಗಾಜಿನ ಆಚೆ ಮಲಗಿದ್ದ ಗಂಡನ ಮೇಲೆ ಕೆಂಡದಂಥ ಸಿಟ್ಟು ಬಂತು. ಅದರ ಹಿಂದೆ ನಾಚಿಕೆ ಬಂತು, ಆ ನಾಚಿಕೆ ಎರಡನ್ನೂ ನುಂಗಿತು. ಗಂಡನಿಗೆ ಹಾರ್ಟ್ ಎಂದೊಡನೆ ತನಗೂ ಹಾರ್ಟ್ ಎನ್ನುವ ಹೆಂಗಸನ್ನು ಜನ ಏನೆನ್ನುತ್ತಾರೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆ ಮಾತನ್ನು ಓಣಿಯಲ್ಲಿ ಬೇಕಾದಷ್ಟು ಸಲ ಆಡಿದವಳು ಅವಳೇ.

ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದು, "ಹಾವಗೆಪ್ಪ ಅವರ ಕಡಿಯವ್ರು ಯಾರು?" ಎಂದಳು. ಈಶ್ವರಿ ಎದ್ದು ನಿಂತಳು. "ಸಿಸ್ಟರ್, ನನಗ..." ಎಂದು ಶುರುಮಾಡಿದಳು.

"ಅಮ್ಮಾ, ಆಮ್ಯಾಲ ಹೇಳ್ರಿ, ಡಾಕ್ಟರು ಪೇಶಂಟಿನ ಹತ್ರ ಅದಾರ. ಇಷ್ಟು ಸಾಮಾನು ಕೆಳಗ ಮೆಡಿಕಲ್‌ನಾಗ ತಗೊಂಡು ಜಲ್ದಿ ಬರ್ರಿ," ಎಂದು ಚೀಟಿ ಕೈಗಿಟ್ಟು ಬಾಗಿಲು ಹಾಕಿಕೊಂಡಳು.

ಖುರ್ಷಿದ ಬೇಗಂ, "ನಿಮ್ಮ ಮಗನ್ನ ಕರೀರಿ, ನಾ ಕರೀಲೇನು?" ಎಂದಳು. ಮಗ ಅಪ್ಪನ ಹತ್ತಿರ ಇರಲಿ ಎಂದು ಈಶ್ವರಿ ಕೈ ಆಡಿಸಿದಳು. ಇಳಿಯುವಾಗ ಗೋಡೆ ಹಿಡಿದು ಇಳಿದಳು. ಸೂಜಿ, ನಳಿಕೆ, ಔಷಧದ ಬಾಟಲಿ ಕೊಂಡು ಲಿಫ್ಟಿನ ಮುಂದೆ ಬಂದು ನಿಂತಾಗ ಅಲ್ಲಿದ್ದ ಕಾವಲಿನವನು ಕೈ ಅಡ್ಡ ಹಾಕಿದ.

"ಲಿಫ್ಟ್ ಪೇಶಂಟಿಗೆ ಮಾತ್ರರಿ, ಅಮ್ಮಾ. ನೀವು ಪೇಶಂಟೇನು?"

ಹೌದು ಎಂದರೆ ಆಯಿತು. ಹೌದು ಎಂದಿದ್ದರೆ ಅವನು ಕುರ್ಚಿ ತಂದು ಕೂರಿಸುತ್ತಿದ್ದ, ಲಿಫ್ಟಿನಲ್ಲಿ ಒಯ್ಯುತ್ತಿದ್ದ, ಮೇಲೆ ಇಡೀ ಬೀದರಿನ ಹೃದಯದ ಔಷಧವೆಲ್ಲ ಇತ್ತು. ಈಶ್ವರಿ ಬಾಯಿ ತೆರೆದಳು.

"ಅಲ್ರಿ," ಎಂದಳು. "ಪೇಶಂಟ್ ನಮ್ಮ ಮನಿಯವ್ರು."

ಮೆಟ್ಟಿಲ ಕಡೆ ತಿರುಗಿದಳು. ಅರ್ಧದವರೆಗೆ ಹತ್ತಿದಳು. ಅಲ್ಲಿ, ಹೋಗುವ ಬರುವವರಿಗೆ ಅಡ್ಡವಾಗಬಾರದೆಂದು ಗೋಡೆಯ ಮಗ್ಗುಲಿಗೆ ಸರಿದು, ಔಷಧದ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಜನ ಅವಳ ಪಕ್ಕದಲ್ಲಿ ಹತ್ತಿ ಇಳಿದರು. ದಣಿದ ಹೆಂಗಸು ಎಂದುಕೊಂಡರು, ಅದು ಸುಳ್ಳೇನಲ್ಲ.

ಮೇಲೆ ಡಾಕ್ಟರು ಅವಿನಾಶನ ಬೆನ್ನು ತಟ್ಟಿ, ಅಪ್ಪನ ಇಸಿಜಿ ಚೆನ್ನಾಗಿದೆ, ಗಾಬರಿಯಾಗಿದ್ದಾರೆ ಅಷ್ಟೇ, ಚಹಾ ಕುಡಿಸಿ ಎಂದರು. ಔಷಧ ಯಾಕೆ ಬರಲಿಲ್ಲ ಎಂದು ನರ್ಸ್ ಹೊರಗೆ ಬಂದು ರೇಗುತ್ತಿದ್ದಳು. ಖುರ್ಷಿದ ಬೇಗಂ ಹುಡುಕಿಕೊಂಡು ಮೆಟ್ಟಿಲಿಳಿದು ಹೋಗಿ ಚೀರಿದಳು. ಆಮೇಲೆ ಎಲ್ಲರೂ ಓಡಿಬಂದರು. ಈಶ್ವರಿಯನ್ನು ಸ್ಟ್ರೆಚರಿನ ಮೇಲೆ ಮಲಗಿಸಿ ಅದೇ ಲಿಫ್ಟಿನಲ್ಲಿ ಒಯ್ದು, ಎದೆ ಒತ್ತಿ, ಕರೆಂಟು ಕೊಟ್ಟು, ಮಾಡಬೇಕಾದದ್ದನ್ನೆಲ್ಲ ಮಾಡಿದರು. ಡಾಕ್ಟರು ಹೊರಗೆ ಬಂದು, ಹಾರ್ಟ್ ಅಟ್ಯಾಕು ಮುಂಜಾನೆಯೇ ಶುರುವಾಗಿದೆ, ನೀವು ಯಾರೂ ನೋಡಲಿಲ್ಲವೇ ಎಂದು ಕೇಳಿದರು.

"ನಾವು ಅಪ್ಪನ್ನ ನೋಡ್ಲಿಕ್ಹತ್ತಿದ್ವಿರಿ," ಎಂದ ಅವಿನಾಶ.

ಭಾಲ್ಕಿಯ ಮನೆಯಲ್ಲಿ ಅವಳಿಗೆ ಹಸಿರು ಸೀರೆ ಉಡಿಸಿದರು, ಕೈತುಂಬ ಬಳೆ ತೊಡಿಸಿದರು, ಉಡಿ ತುಂಬಿದರು. ಓಣಿಯ ಹೆಂಗಸರು ಸಾಲಾಗಿ ಬಂದು ಕಾಲಿಗೆ ಬಿದ್ದರು. ಗಂಡನ ಮುಂದೆ ಹೋದಳು, ಮುತ್ತೈದಿ ಸಾವು, ಎಂಥಾ ಪುಣ್ಯ ಮಾಡಿದ್ದಳೋ, ನಮಗೂ ಇಂಥದೇ ಬರಲಿ ಎಂದರು. ಹಾಗೆ ಅಂದವರಲ್ಲಿ ಬಹಳ ಮಂದಿಗೆ ಅವಳದೇ ವಯಸ್ಸು, ಅವಳದೇ ಮೈ, ಅವಳದೇ ಕಪ್ಪು ವಸಡು. ಸುಮಿತ್ರಾಳಿಗೆ ತಡೆಯಲಾಗಲಿಲ್ಲ.

"ಯಾವ ಪುಣ್ಯಾರಿ? ಹಾರ್ಟ್ ಅಟ್ಯಾಕ್ ಆಗಿ ಸತ್ತಾಳ ನಮ್ಮಕ್ಕ! ನಮ್ಮ ಕಣ್ಣ ಮುಂದ ಸಾಯ್ಲಿಕ್ಹತ್ತಿದ್ಳು, ನಾವೇ ಕಾರಿನಾಗ ಕೂಡಿಸಿ ಗಂಡನ ಸೇವಾಕ್ಕ ಕಳಸೇವಿ!"

ಹಾವಗೆಪ್ಪನ ದೊಡ್ಡಮ್ಮ ಓಡಿಬಂದು ಅವಳ ಬಾಯಿ ಮುಚ್ಚಿದಳು. "ಮೆಲ್ಲಗ, ಯವ್ವಾ! ಹಾವಗೆಪ್ಪ ಕೇಳ್ಯಾನು. ಅಂವಗ ಬಿಪಿ ಲೋ ಆಗಿ ಹೋದ್ಳು ಅಂತ ಹೇಳೇವಿ. ಹಾರ್ಟ್ ಅನ್ನೋ ಮಾತು ಅವನ ಕಿವಿಗೆ ಬೀಳಬಾರ್ದು, ಅವನ ಹಾರ್ಟ್ ತಡಿಯಂಗಿಲ್ಲ."

ಮಣ್ಣು ಮಾಡಿ ಬಂದು ಜನ ಚದುರಿದ ಮೇಲೆ ಸುಮಿತ್ರಾ ಹಾವಗೆಪ್ಪನ ಎದುರಿಗೆ ಹೋಗಿ ನೆಲದ ಮೇಲೆ ಕೂತಳು. ಬಾಗಿಲಲ್ಲಿ ನಿಂತಿದ್ದ ಅವಿನಾಶ ಬೇಡ ಬೇಡ ಎಂದು ತಲೆ ಆಡಿಸುತ್ತಿದ್ದ. ಅವಳು ಅವನನ್ನು ನೋಡಿಯೂ ನೋಡದಂತೆ ಎಲ್ಲವನ್ನೂ ಹೇಳಿದಳು. ದವಡೆ ನೋವು ಹೇಳಿದಳು, ತಣ್ಣಗಿದ್ದ ಕೈ ಹೇಳಿದಳು, ಅವನು ಬಾಗಿಲು ಹಿಡಿದು ನಿಂತಾಗ ಒಳಗೆ ಸಾಯುತ್ತಿದ್ದವಳು ಎದ್ದು ಬಂದದ್ದನ್ನು ಹೇಳಿದಳು. ಅವನಿಗೆ ಏನಾದರೂ ಆಗಲಿ ಎಂದೇ ಅವಳಿಗೆ ಆ ಕ್ಷಣ ಅನ್ನಿಸುತ್ತಿತ್ತು.

ಏನೂ ಆಗಲಿಲ್ಲ. ಹಾವಗೆಪ್ಪ ಅತ್ತ. ಟಾವೆಲಿನಲ್ಲಿ ಮುಖ ಮುಚ್ಚಿಕೊಂಡು ಸಣ್ಣ ಹುಡುಗನಂತೆ, ನಿಜವಾಗಿಯೂ, ಬಹಳ ಹೊತ್ತು ಅತ್ತ. ಆಮೇಲೆ ಮೂಗು ಒರೆಸಿಕೊಂಡು, ಸುತ್ತ ನೋಡಿ, ಸೋತ ದನಿಯಲ್ಲಿ ಕೇಳಿದ:

"ಸುಮೀ, ನನ್ನ ಮಧ್ಯಾಹ್ನದ ಗುಳಿಗಿ ಅಕಿ ಎಲ್ಲಿ ಇಡ್ತಿದ್ಳು, ನಿನಗ ಗೊತ್ತದೇನು?"

ಸುಮಿತ್ರಾ ಅವನ ಮುಖವನ್ನೇ ನೋಡಿದಳು. ಬಾಯಿಗೆ ಬಂದ ಬೈಗುಳ ನಾಲಿಗೆಯ ತುದಿಯಲ್ಲಿ ನಿಂತಿತು. ಅಷ್ಟರಲ್ಲಿ ಏಳಲೆಂದು ಅವಳ ಕೈ ನೆಲಕ್ಕೆ ಊರಿಯಾಗಿತ್ತು.

"ತಡೀರಿ, ಮಾಮಾ. ನೋಡ್ತೇನಿ," ಎಂದು ಎದ್ದಳು.